ಅಮ್ಮ ಒಬ್ಬಳೇ ಇರುವ ಫೋಟೋ

ಲಕೋಟೆಯ ಬಾಯಿಗೆ ಹಚ್ಚಿದ ಅಂಟು ಇನ್ನೂ ಪೂರ್ತಿ ಒಣಗಿಲ್ಲ, ಬೆರಳಿಗೆ ಹತ್ತುತ್ತಿದೆ, ಮೂಸಿದರೆ ಔಷಧದಂಗಡಿಯ ವಾಸನೆ, ಕೆಮ್ಮಿನ ಸಿರಪ್ಪಿನದೋ ಇನ್ಯಾವುದರದೋ, ವ್ಯಾನಿನ ಗಾಜಿನಿಂದ ಬಿಸಿಲು ಓರೆಯಾಗಿ ಬಿದ್ದು ಲಕೋಟೆಯ ಮೇಲೆ ಅವಳ ಕೈಯ ನೆರಳು, ದಪ್ಪ ದಪ್ಪ ಬೆರಳು, ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ಆಸ್ಪತ್ರೆಯ ಬೆಡ್‌ಶೀಟು ಹಿಂಡಿದ ಬೆರಳು, ಹರಿ ಪಿರಿಹಿರಾ, ಹರಿದು ನೋಡು, ಅಲ್ಲಿ ಇಡೀ ಕುಲ ನಿನಗೆ ಕಾಯುತ್ತಿದೆ, ಜೀವಮಾನದಲ್ಲಿ ಮೊದಲ ಸಲ ನಿನಗೆ ಕಾಯುತ್ತಿದೆ. ಅಂಗಡಿಯ ಹೆಂಗಸು ಲಕೋಟೆ ಕೊಡುವಾಗ ದನಿ ತಗ್ಗಿಸಿದಳು, ನಿಮ್ಮಮ್ಮನ ವಿಷಯ ಕೇಳ್ದೆ ಪಿರಿ, ಪಾಪ, ಫೋಟೋ ತೊಳೆದು ನೇಪಿಯರ್‌ನಿಂದ ಇವತ್ತು ಬೆಳಗಿನ ಬಸ್ಸಲ್ಲಿ ಬಂತು, ಮೊದಲೇ ಬಂದಿದ್ರೆ ನಾನೇ ತಂದ್ಕೊಡ್ತಿದ್ದೆ — ತಂದುಕೊಡುತ್ತಿದ್ದಳಂತೆ, ಅಮ್ಮ ಬದುಕಿದ್ದಾಗ ಅಂಗಡಿಗೆ ಹೋದರೆ ಅವಳ ಕೈಚೀಲದ ಮೇಲೆ ಎರಡು ಕಣ್ಣು ಇಟ್ಟಿರುತ್ತಿದ್ದವಳು. ಹನ್ನೊಂದಕ್ಕೆ ಗಿಸ್ಬರ್ನ್ ಕಡೆಯವರ ಬಸ್ಸು ಬರುತ್ತದೆ, ಅಷ್ಟರೊಳಗೆ ಫೋಟೋ ಅಮ್ಮನ ಪಕ್ಕದಲ್ಲಿರಬೇಕು, ಇದು ದೊಡ್ಡಮ್ಮ ಹುಹಾನಾಳ ಅಪ್ಪಣೆ, ಅಮ್ಮನ ಅಕ್ಕ, ಎಂಬತ್ತೊಂದು ದಾಟಿದವಳು, ನಿನ್ನೆ ಮಧ್ಯಾಹ್ನ ತಲೆಗೆ ಹಸಿರೆಲೆಯ ಮಾಲೆ ಸುತ್ತಿಕೊಂಡು ಶವಪೆಟ್ಟಿಗೆಯ ತಲೆದೆಸೆಗೆ ಚಾಪೆಯ ಮೇಲೆ ಕೂತವಳು ಇನ್ನೂ ಎದ್ದಿಲ್ಲ. ಅಮ್ಮನನ್ನು ಮಲಗಿಸಿರುವ ಕುಲದ ಸಭಾಮನೆಯ ಗೋಡೆಯಿಂದ ಸತ್ತವರ ಫೋಟೋಗಳನ್ನೆಲ್ಲ ಇಳಿಸಿ ಅಮ್ಮನ ಸುತ್ತ ಜೋಡಿಸಿಟ್ಟಾಗಿದೆ, ಅಪ್ಪ ಇದ್ದಾನೆ, ಅಪ್ಪನ ಅಪ್ಪ ಇದ್ದಾನೆ, ಅಪ್ಪನ ಪಕ್ಕದಲ್ಲಿ ಒಂದು ಮೊಳ ಜಾಗ ಮಾತ್ರ ಖಾಲಿ. ಅಲ್ಲಿ ಇಡುವ ಫೋಟೋದಲ್ಲಿ ಉಸಿರಾಡುವವರು ಯಾರೂ ಇರಕೂಡದು, ಸತ್ತವರ ನಡುವೆ ಬದುಕಿದವರ ಮುಖ ಇಟ್ಟರೆ ಸತ್ತವರು ತಮ್ಮವರೇ ಅಂದುಕೊಂಡು ಕರೆದುಕೊಳ್ಳುತ್ತಾರೆ, ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ, ಸೊಂಟದೆತ್ತರ ಇದ್ದಾಗಲೇ ಗೊತ್ತಿರುವ ಸಂಗತಿ. ದೊಡ್ಡಪ್ಪನ ಮಗ ರೆವಿ ಬುದ್ಧಿವಂತ, ಹಿಂದೆ ತಾಯಿ ಸತ್ತಾಗ ಅವಳ ಫೋಟೋದಿಂದ ತನ್ನನ್ನು ಕತ್ತರಿಸಿ ತೆಗೆದು ಗೋಡೆಗೆ ಹಾಕಿದ, ಭುಜದ ಮೇಲಿದ್ದ ಕೈ ಮಾತ್ರ ಮರೆತ, ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದಳು, ಈ ಕೈ ಯಾರ್ದು, ಕೈ ಒಡೆಯ ಇಲ್ಲೇ ಕೂತು ಟೀ ಕುಡೀತಿದಾನಲ್ಲ, ತೆಗೀರಿ ಇದನ್ನ. ತೆಗೆದರು, ಆದರೂ ಆ ಚಳಿಗಾಲದಲ್ಲೇ ರೆವಿಯ ಕೈ ಉಣ್ಣೆ ಒತ್ತುವ ಯಂತ್ರಕ್ಕೆ ಸಿಕ್ಕಿತು, ದೊಡ್ಡಮ್ಮ ಗೋಡೆ ನೋಡಿದಳು ಅಷ್ಟೆ. ಬೇರೆ ಫೋಟೋ ತರೋಣವೆಂದರೆ ಎಲ್ಲಿಂದ ತರುವುದು, ಹೋದ ವರ್ಷ ಬೋಲಾ ಚಂಡಮಾರುತ ಬಂದಾಗ ಹೊಳೆ ವೈರೋವಾದ ಸೇತುವೆಯನ್ನೇ ಕಿತ್ತುಕೊಂಡು ಹೋಯಿತು, ಅಮ್ಮನ ಮಂಚದಡಿಯ ಬಿಸ್ಕತ್ತಿನ ಡಬ್ಬಿಯನ್ನು ಬಿಡುತ್ತದೆಯೇ, ಮದುವೆಯ ಫೋಟೋ, ಶಾಲೆಯ ಫೋಟೋ, ಎಲ್ಲ ಕೆಸರಿನ ಮುದ್ದೆಯಾಗಿ ಸಿಕ್ಕಿತು. ಆದರೂ ನಿನ್ನೆ ದೊಡ್ಡಮ್ಮ ಅಳುವವರ ನಡುವೆಯೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ಯೋಚ್ನೆ ಮಾಡ್ಬೇಡಿ, ನಂಗೆ ಅವಳೇ ಹೇಳಿದಾಳೆ, ವೆಲ್ಲಿಂಗ್ಟನ್‌ನಲ್ಲಿ ಪಿರಿ ಕೈಲಿ ಒಂದು ತೆಗೆಸಿಟ್ಟಿದೀನಿ ಅಕ್ಕಾ, ನಾನೊಬ್ಳೇ ಇರೋದು ಅಂತ. ಅಮ್ಮ ಅಕ್ಕನಿಗೆ ಹೇಳಿದ್ದಾಳೆ. ಒಂಬತ್ತು ವರ್ಷ ಅವಳ ಕಾಲುಗುರು ಕತ್ತರಿಸಿದ ಮಗಳಿಗೆ ಹೇಳಿಲ್ಲ.

ಹರಿದಳು. ಇಪ್ಪತ್ತನಾಲ್ಕು ಫೋಟೋ, ಅಮ್ಮ ಒಬ್ಬಳೇ ಇರುವುದು ಕಡೆಯದು, ಕಡೆಯಿಂದ ನೋಡಿದರೆ ಆಗಿಹೋಗುತ್ತದೆ, ಆದರೆ ಕೈ ಮೇಲಿನಿಂದಲೇ ಶುರುಮಾಡುತ್ತದೆ, ಕೈಗೆ ಗೊತ್ತು ಅದಕ್ಕೆ ಹೆದರಿಕೆ ಎಂದು. ಮೊದಲನೆಯದರಲ್ಲಿ ಅರ್ಧ ಅವಳ ಹೆಬ್ಬೆರಳು, ಉಳಿದರ್ಧ ಅಣ್ಣ ಮೊರೆಹು, ಬಾಡಿಗೆ ವ್ಯಾನಿಗೆ ಒರಗಿಕೊಂಡು, ಬ್ರಿಸ್ಬೇನಿನಲ್ಲಿ ಕ್ರೇನು ನಡೆಸುವವನು, ಆರು ವರ್ಷಕ್ಕೆ ಬಂದ, ಬಂದವನು ಕೈಯಲ್ಲಿ ಪುಟ್ಟ ಕ್ಯಾಮೆರಾ ಇಟ್ಟ, ತಗೋ ಪಿರಿ, ವಿಮಾನ ನಿಲ್ದಾಣದಲ್ಲಿ ತಗೊಂಡೆ, ಎಲ್ಲಾ ಇದೇ ಮಾಡ್ಕೊಳ್ಳುತ್ತೆ, ನೀನು ಒತ್ತಿದ್ರೆ ಸಾಕು, ನಿನ್ನ ಕೈ ಅಲ್ಲಾಡಲ್ಲ. ನೋಡು, ಎಷ್ಟು ಚೆನ್ನಾಗಿ ಹೇಳಿದ, ಉಡುಗೊರೆ ಅಂದರೆ ಉಡುಗೊರೆ, ಕೆಲಸ ಅಂದರೆ ಕೆಲಸ, ಮೂರು ದಿನ ಎಲ್ಲರ ನಗು ಹಿಡಿಯುವುದು, ತಾನು ಎಲ್ಲೂ ಇರದಿರುವುದು. ವೆಲ್ಲಿಂಗ್ಟನ್ ಯಾಕೆ ಅಂತ ಅವಳು ಕೇಳಿದ್ದಳು, ವ್ಯಾನಿಗೆ ಸುರಿಯೋ ದುಡ್ಡಲ್ಲಿ ಅಮ್ಮನ್ನ ಡಾಕ್ಟ್ರಿಗೆ ತೋರ್ಸಣ್ಣ, ಊಟ ಸೇರ್ತಿಲ್ಲ ಅವಳಿಗೆ. ಅಮ್ಮನೇ ಒಳಗಿನಿಂದ ಕೂಗಿದಳು, ಡಾಕ್ಟ್ರು ನೋಡಿಯಾಯ್ತು, ಏನಿಲ್ಲ ಅಂದ್ರು, ನಂಗೆ ರಾಜಧಾನಿ ನೋಡ್ಬೇಕು, ಸಾಯೋದ್ರೊಳಗೆ ಒಂದ್ಸಲ ಆ ಜೇನುಗೂಡಿನಂಥ ಪಾರ್ಲಿಮೆಂಟು ನೋಡ್ಬೇಕು. ಏನಿಲ್ಲವಂತೆ, ಡಾಕ್ಟರು ಅಂದದ್ದು ಇನ್ನೇನೋ, ಅದೂ ದೊಡ್ಡಮ್ಮನಿಗೆ ಗೊತ್ತಿತ್ತು. ಎರಡನೆಯದು ಮೂರನೆಯದು ದಾರಿಯಲ್ಲಿ ಡ್ಯಾನೆವರ್ಕ್ ಹತ್ತಿರ, ಥರ್ಮಾಸಿನ ಟೀ, ಅತ್ತಿಗೆ ಲೊರೇನ್ ಕಂಚಿನ ಬಣ್ಣದ ಕಾಲು ಚಾಚಿ ಹುಲ್ಲಿನ ಮೇಲೆ, ಅಮ್ಮ ಕರಿದು ತಂದ ರೊಟ್ಟಿಯನ್ನು ಕರವಸ್ತ್ರದ ತುದಿಯಿಂದ ಹಿಡಿದುಕೊಂಡು, ರುಚಿಯಾಗಿದೆ ಅತ್ತೆ, ಆದ್ರೆ ಎಣ್ಣೆ, ಎಂದು ಅರ್ಧ ಕಚ್ಚಿ ಕಾಗೆಗೆ ಎಸೆದಳು, ಅಮ್ಮ ನಕ್ಕಳು, ಅದೇ ರೊಟ್ಟಿ ತಾನು ಎಸೆದಿದ್ದರೆ ಊರು ಮುಟ್ಟುವವರೆಗೆ ಬೈಗುಳ. ಮತ್ತೆ ಅಮ್ಮನ ಕಪ್ಪು ಕೋಟು. ಪ್ರವಾಸಕ್ಕೆ ಯಾರಾದರೂ ಕಪ್ಪು ಕೋಟು ಹಾಕಿಕೊಂಡು ಹೊರಡುತ್ತಾರೆಯೇ, ಕುತ್ತಿಗೆಯಲ್ಲಿ ಅಜ್ಜಿಯ ಹಸಿರುಕಲ್ಲಿನ ಪದಕ, ಸಾವಿನ ಮನೆಗೆ ಮಾತ್ರ ಹೊರಬರುವ ಪದಕ, ಬೆಳಿಗ್ಗೆ ಕನ್ನಡಿ ಮುಂದೆ ಕೂತು ಪಿರಿ ಇನ್ನೊಂದ್ಸಲ ಬಾಚು, ಈ ಕಡೆ ಎದ್ದಿದೆ ನೋಡು, ಬಾಚುವಾಗ ಬಾಚಣಿಗೆ ತುಂಬ ಕೂದಲು ಬಂತು, ಅವಳು ಅದನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡಳು, ಅಮ್ಮನಿಗೆ ತೋರಿಸಲಿಲ್ಲ. ಎಲ್ಲ ಕಣ್ಣ ಮುಂದೆಯೇ ಇತ್ತು. ಬಾಚಿದವಳು ನೀನೇ, ಗುಂಡಿ ಹಾಕಿದವಳು ನೀನೇ, ಆದರೂ ಒಳಗೊಳಗೆ ಹಲ್ಲು ಕಡಿದೆ, ಮಗ ಬಂದ ಅಂತ ಸಿಂಗಾರ ನೋಡು ಮುದುಕಿಗೆ, ಎಂದು.

ಪಾರ್ಲಿಮೆಂಟಿನವು ಆರೋ ಏಳೋ. ದುಂಡನೆಯ ಕಟ್ಟಡ ಹಿಂದೆ, ಮುಂದೆ ಹುಲ್ಲು, ಅಮ್ಮ ಕತ್ತೆತ್ತಿ ನೋಡಿ, ಇಷ್ಟೇನಾ, ನಿಮ್ಮಪ್ಪ ಕಟ್ಟಿದ ಕೋಳಿಗೂಡು ಇದಕ್ಕಿಂತ ನೆಟ್ಟಗಿತ್ತು, ಎಂದಾಗ ಅಣ್ಣ ಬಿದ್ದು ಬಿದ್ದು ನಕ್ಕ, ಅವನು ನಗುವ ಫೋಟೋ ಇಲ್ಲಿದೆ, ಹಲ್ಲೆಲ್ಲ ಕಾಣುತ್ತದೆ. ಆಮೇಲೆ ನೋಡಿದರೆ ಅಮ್ಮ ಇಲ್ಲ, ಹತ್ತು ಹೆಜ್ಜೆ ಆಚೆ ಒಂದು ಮರದ ಮುಂದೆ ನೆಟ್ಟಗೆ ನಿಂತಿದ್ದಾಳೆ, ಎರಡೂ ಕೈ ಕೆಳಗೆ ಬಿಟ್ಟು, ಗದ್ದ ಮೇಲೆತ್ತಿ, ನೇರ ಕ್ಯಾಮೆರಾವನ್ನೇ ನೋಡುತ್ತ, ತನ್ನನ್ನೇ ನೋಡುತ್ತ, ಕಾಯುತ್ತ. ಒತ್ತಬಹುದಿತ್ತು. ಮುಖದ ಮೇಲೆ ಬೆಳಕಿತ್ತು, ಹಿಂದೆ ಎಲೆಯ ಹಸಿರು, ಸುತ್ತ ನರಪಿಳ್ಳೆ ಇಲ್ಲ, ಬೆರಳು ಗುಂಡಿಯ ಮೇಲೇ ಇತ್ತು. ಅಷ್ಟರಲ್ಲಿ ಅಣ್ಣ, ಅಮ್ಮಾ ಅಲ್ಲೇನು ಕಂಬದ ಥರ ನಿಂತಿದೀಯ, ಬಾ ಇಲ್ಲಿ, ಎಲ್ಲಾ ಒಟ್ಟಿಗೆ, ಎಂದು ಓಡಿಹೋಗಿ ಹೆಗಲಿಗೆ ಕೈ ಹಾಕಿದ, ಮತ್ತು ಅವನೊಬ್ಬನೇ ಅಲ್ಲ, ಅದನ್ನು ಯಾಕೆ ಮುಚ್ಚಿಡುವುದು, ತಾನೂ ಕೂಗಿದಳು, ಗುಂಪಲ್ಲಿ ನಿಂತ್ಕೋಮ್ಮ, ಒಬ್ಳೇ ನಿಂತ್ರೆ ಚೆನ್ನಾಗಿರಲ್ಲ. ಇದೋ ಇಲ್ಲಿದೆ, ಅಮ್ಮನ ಒಂದು ಭುಜದ ಮೇಲೆ ಅಣ್ಣನ ಕೈ, ಇನ್ನೊಂದರ ಮೇಲೆ ಲೊರೇನಳ ಗದ್ದ, ಮುಂದೆ ಅವರ ಮಗಳು ಟೆಸ್ಸಾ ಆರು ವರ್ಷದ್ದು ನಾಲಿಗೆ ಚಾಚಿಕೊಂಡು, ಇವರೆಲ್ಲರ ನಡುವೆ ಅಮ್ಮನ ಮುಖ, ಸಂತೆಯಲ್ಲಿ ಚೀಲ ಕಳಕೊಂಡವಳ ಮುಖ. ಕತ್ತರಿಸಲಿಕ್ಕೆ ಎಲ್ಲೂ ಸಂದಿಲ್ಲ. ಮುಂದಿನದರಲ್ಲೂ ಕೈ, ಅದರ ಮುಂದಿನದರಲ್ಲೂ ಕೈ, ಅಣ್ಣನಿಗೆ ಆರು ವರ್ಷದ ಬಾಕಿ ಮೂರು ದಿನದಲ್ಲಿ ತೀರಿಸುವ ಆತುರ, ತಬ್ಬಿದ್ದೇ ತಬ್ಬಿದ್ದು, ಅಮ್ಮ ಪ್ರತಿ ಸಲ ಜಾರಿಕೊಂಡು ಆಚೆ ಹೋಗುತ್ತಾಳೆ, ರೈಲು ನಿಲ್ದಾಣದ ಕಂಬದ ಪಕ್ಕ, ಬಂದರಿನ ಕಟಕಟೆಯ ಪಕ್ಕ, ಮೀನು ಮತ್ತು ಆಲೂಗಡ್ಡೆ ಕರಿದು ಕೊಡುವ ಅಂಗಡಿಯ ಗೋಡೆಯ ಪಕ್ಕ, ಹೋಗಿ ನಿಂತು ನೋಡುತ್ತಾಳೆ, ಪ್ರತಿ ಸಲ ಯಾರೋ ಒಬ್ಬರು ಅಯ್ಯೋ ಅಮ್ಮ ಒಬ್ಬಳೇ ಆಗಿಬಿಟ್ಟಳು ಎಂದು ಪ್ರೀತಿಯಿಂದ ಓಡಿಹೋಗಿ ಕೆಡಿಸುತ್ತಾರೆ. ಬಾಯಿಬಿಟ್ಟು ಹೇಳಬಾರದಿತ್ತೇ. ಹೇಳುತ್ತಿರಲಿಲ್ಲ, ಹೇಳಿದರೆ ಮಗನ ರಜೆ ಹಾಳಾಗುತ್ತದಲ್ಲ, ಮಗನ ರಜೆ ಹಾಳಾಗಬಾರದು, ಮಗಳ ಉಳಿದ ಜೀವಮಾನ ಹಾಳಾದರೆ ಅಡ್ಡಿಯಿಲ್ಲ.

ಬಿಸಿಲು ಈಗ ಸ್ಟಿಯರಿಂಗಿನ ಮೇಲೆ ಬಂದಿದೆ, ರಸ್ತೆಯಲ್ಲಿ ಪರಿಚಯದವರು ಯಾರೋ ಹುಬ್ಬೇರಿಸಿ ತಲೆಯಾಡಿಸಿ ಹೋದರು, ಅವಳೂ ಹುಬ್ಬೇರಿಸಿದಳು, ಹತ್ತೂಕಾಲು, ಇನ್ನೂ ಹೊತ್ತಿದೆ. ಹದಿನಾರು, ಹದಿನೇಳು, ಕೆಂಪು ಕೇಬಲ್ ಕಾರು, ಗುಡ್ಡ ಹತ್ತುವಾಗ ಟೆಸ್ಸಾಳ ಮೂಗು ಗಾಜಿಗೆ ಒತ್ತಿ ಚಪ್ಪಟೆ, ಮೇಲೆ ಇಳಿದ ಮೇಲೆ ಹುಲ್ಲುಹಾಸು, ಇದು ಲೊರೇನ್ ಒಬ್ಬಳೇ, ಹೂವಿನ ಪಾತಿಯ ಮುಂದೆ ಸೊಂಟಕ್ಕೆ ಕೈಯಿಟ್ಟು, ಪಿರಿ ನಿಲ್ಲು ನಿಲ್ಲು, ನಿನ್ನ ನೆರಳು ನನ್ನ ಬೂಟಿನ ಮೇಲೆ ಬೀಳ್ತಿದೆ, ಸ್ವಲ್ಪ ಪಕ್ಕಕ್ಕೆ ಸರಿ, ಸರಿದಳು, ಲೊರೇನಳ ಬೂಟಿಗೆ ಸರಿದಳು, ಫೋಟೋ ಎಷ್ಟು ಶುಭ್ರವಾಗಿ ಬಂದಿದೆ ನೋಡು. ಅಲ್ಲೇ ಟೆಸ್ಸಾಗೆ ಆಟ ಸಿಕ್ಕಿತು, ಪಿರಿ ಹೆಜ್ಜೆಯಿಟ್ಟ ಕಡೆಗೆಲ್ಲ ಅವಳ ನೆರಳಿನ ಹಿಂದೆ ಓಡಿ ನೆರಳಿನ ತಲೆಯ ಮೇಲೆ ಜಿಗಿಯುವುದು, ಅತ್ತೆ ತಲೆ ತುಳಿದೆ, ಅತ್ತೆ ತಲೆ ತುಳಿದೆ, ಅಣ್ಣ ನಗುತ್ತಿದ್ದ, ಅವಳೂ ನಗುತ್ತಿದ್ದಳು, ತಲೆ ಬಗ್ಗಿಸಿ ಬಗ್ಗಿಸಿ ತಪ್ಪಿಸುತ್ತಿದ್ದಳು, ಬೆಂಚಿನ ಮೇಲೆ ಕೂತಿದ್ದ ಅಮ್ಮ ಕೋಲು ನೆಲಕ್ಕೆ ಕುಟ್ಟಿದಳು. ಏ, ಬಾ ಇಲ್ಲಿ, ತಲೆ ತುಳೀತಾರೇನೇ, ತಲೆ ಅಂದ್ರೆ ಏನು ಅಂತ ಹೇಳ್ಕೊಟ್ಟಿಲ್ವಾ ನಿಮ್ಮಪ್ಪ. ಮಗು ಪೆಚ್ಚಾಯಿತು. ಲೊರೇನ್ ಹೇಳಿದಳು, ಅತ್ತೆ, ಅದು ಬರೀ ನೆರಳು. ಅಮ್ಮ ಸೊಸೆಯನ್ನು ನೋಡಲೂ ಇಲ್ಲ, ಟೆಸ್ಸಾಳ ಗದ್ದ ಹಿಡಿದು ಕೇಳಿದಳು, ಯಾರ ನೆರಳು ಅದು, ಹೇಳು. ಪಿರಿ ಅತ್ತೇದು. ಪಿರಿ ಇದ್ರೆ ತಾನೆ ಅದಿರೋದು, ಪಿರಿ ಎಲ್ಲಿವರೆಗಿದಾಳೋ ಅಲ್ಲಿವರೆಗೂ ಅವಳೇ ಅದು, ಹೋಗು, ಸಾರಿ ಕೇಳು. ಮಗು ಬಂದು ನೆಲ ನೋಡುತ್ತ, ನೆರಳಿಗೋ ತನಗೋ ತಿಳಿಯದೆ ಎರಡಕ್ಕೂ ಒಂದೊಂದು ಸಾರಿ ಹೇಳಿತು. ಆ ಹೊತ್ತಿನಲ್ಲಿ ಎದೆಗೆ ಏನೋ ಬಂದು ತಾಗಿತ್ತು, ನಾಚಿಕೆಗೆಟ್ಟ ಎದೆ, ಅಷ್ಟಕ್ಕೇ ಕರಗಿತು, ಅಮ್ಮ ತನ್ನ ಪರವಾಗಿ ಮಾತಾಡಿದ್ದು ಕೊನೆಗೆ ಯಾವಾಗ ಎಂದು ಹುಡುಕಿದರೆ ನೆನಪೇ ಸಿಗಲಿಲ್ಲ, ಆಗಲೇ ಅಂದುಕೊಂಡಳು, ಒಂದು ಉಳಿಸಬೇಕು, ಒಂದು ಫೋಟೋ, ಕಡೆಯದು, ಅಮ್ಮ ಮತ್ತು ತಾನು, ಇಬ್ಬರೇ, ಅಣ್ಣ ಒತ್ತಲಿ, ಅವನಿಗೂ ಒಂದು ಗುಂಡಿ ಒತ್ತಲು ಬರುತ್ತದೆ.

ಮೌಂಟ್ ವಿಕ್ಟೋರಿಯಾ, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಸಂಜೆ ನಾಲ್ಕೂವರೆ, ಗಾಳಿ ಎಂದರೆ ಲೊರೇನಳ ಟೋಪಿ ಹಾರಿ ಕೆಳಗಿನ ರಸ್ತೆ ಸೇರಿತು, ಟೋಪಿ ಹಿಂದೆ ಅಣ್ಣ ಓಡುವುದು ಒಂದು, ಟೋಪಿ ಸಿಕ್ಕಿದ ಮೇಲೆ ಇನ್ನೊಂದು, ಇಂಥವಕ್ಕೆಲ್ಲ ಫಿಲ್ಮಿತ್ತು. ಇಪ್ಪತ್ತೆರಡು, ಇಪ್ಪತ್ತಮೂರು, ಮತ್ತೆ ಎಲ್ಲ ಒಟ್ಟಿಗೆ, ಮತ್ತೆ ಭುಜಗಳ ಮೇಲೆ ಕೈಗಳು. ಆಗ ಅವಳು ಕ್ಯಾಮೆರಾವನ್ನು ಅಣ್ಣನ ಕೈಗೆ ಕೊಟ್ಟಳು, ಒಂದೇ ಉಳಿದಿದೆ ಅಣ್ಣ, ನನ್ನನ್ನ ಅಮ್ಮನ್ನ ಜೊತೇಲಿ ತೆಗಿ. ಹೇಳುವಾಗ ದನಿ ಹುಡುಗಿಯ ದನಿಯಾಯಿತು, ನಲವತ್ತೆರಡು ವರ್ಷದ ಹೆಂಗಸು. ಕಲ್ಲುಕಟ್ಟೆಯ ಮೇಲೆ ಅಮ್ಮ ಕೂತಿದ್ದಳು, ಹಿಂದೆ ಕೆಳಗೆ ಕೊಲ್ಲಿಯ ನೀರು, ದೋಣಿಗಳು, ಅವಳು ಹೋಗಿ ಪಕ್ಕದಲ್ಲಿ ಕೂತಳು, ಕೋಟಿನ ಉಣ್ಣೆ ತೋಳಿಗೆ ತಾಗಿತು, ನುಸಿಗುಳಿಗೆಯ ವಾಸನೆ, ತಲೆಯನ್ನು ಸ್ವಲ್ಪ, ಬಹಳ ಅಲ್ಲ, ಸ್ವಲ್ಪ ಅಮ್ಮನ ಕಡೆ ವಾಲಿಸಬಹುದೇ ಎಂದು ಲೆಕ್ಕ ಹಾಕುತ್ತಿದ್ದಳು, ನಮ್ಮ ಮನೆಯಲ್ಲಿ ತಬ್ಬುವುದು ಅಣ್ಣನಂಥ ಹೊರಗಿನಿಂದ ಬಂದವರಿಗೆ, ಮನೆಯಲ್ಲಿರುವವರಿಗೆ ಕೆಲಸ. ಅಮ್ಮ ಮೊಣಕೈಯಲ್ಲಿ ತಿವಿದಳು. ಏಳು. ಏನಮ್ಮ. ನೀನ್ ಏಳು, ನೀನ್ ಬೇಡ, ನಾನೊಬ್ಳೇ. ಅಣ್ಣ ನಕ್ಕ, ಅಮ್ಮ ಸಿನಿಮಾ ಸೇರ್ತಾಳಂತೆ ಕಣೇ. ಲೊರೇನ್ ಬೇರೆ ಕಡೆ ನೋಡಿದಳು, ಅದೇ ಹೆಚ್ಚು ಚುಚ್ಚಿತು, ಹೊರಗಿನವಳಿಗೂ ತಿಳಿಯಿತು ಎಂಬುದು. ಒಂದೇ ಇರೋದಮ್ಮ, ಇನ್ನು ಫಿಲ್ಮಿಲ್ಲ. ಗೊತ್ತು, ಅದಕ್ಕೇ ಹೇಳ್ತಿರೋದು, ನೀನ್ ಬೇಡ, ಅವನೂ ಬೇಡ, ಕ್ಯಾಮೆರಾ ನೀನ್ ತಗೋ, ಅವನ ಕೈ ನಡುಗುತ್ತೆ. ಎದ್ದಳು. ಅಣ್ಣನ ಕೈಯಿಂದ ಕಿತ್ತುಕೊಂಡಳು. ಸೂರ್ಯ ಬೆನ್ನಿಗಿದ್ದ, ಕಿವಿಯ ಹಿಂದೆ ಬಿಸಿ ಗೊತ್ತಾಗುತ್ತಿತ್ತು, ಕಿಂಡಿಗೆ ಕಣ್ಣಿಟ್ಟರೆ ಕಣ್ಣು ತುಂಬಿ ಏನೂ ಕಾಣದು, ಒಂದು ಕಪ್ಪು, ಒಂದು ನೀಲಿ, ಅಷ್ಟೆ, ಒರೆಸಿಕೊಂಡರೆ ಅವರಿಗೆ ಗೊತ್ತಾಗುತ್ತದೆ, ಒರೆಸಿಕೊಳ್ಳಲಿಲ್ಲ, ಒತ್ತಿದಳು. ಫಿಲ್ಮು ತಾನೇ ತಾನಾಗಿ ಸುತ್ತಿಕೊಳ್ಳತೊಡಗಿತು, ಕರಕರ ಕರಕರ. ಅಮ್ಮ ಕೂತಲ್ಲಿಂದಲೇ ಕೇಳಿದಳು, ಬಂತಾ. ಬಂತು. ಸರಿಯಾಗಿ ನೋಡ್ದೆಯಾ, ಯಾರೂ ಅಡ್ಡ ಇರ್ಲಿಲ್ಲ ತಾನೆ. ಇರ್ಲಿಲ್ಲ ಅಂದ್ನಲ್ಲಮ್ಮ, ನೀನೊಬ್ಳೇ, ಸಾಕಾ.

ಸಾಕಾ ಎಂದಳು. ಸಾಯುವ ಹೆಂಗಸಿಗೆ ಸಾಕಾ ಎಂದಳು. ಮರಳಿ ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಅಮ್ಮ, ಇದೇ ವ್ಯಾನಿನಂಥದ್ದೇ ವ್ಯಾನು, ತಾನು ಅಣ್ಣನ ಪಕ್ಕ ಮುಂದೆ, ವುಡ್‌ವಿಲ್ ದಾಟಿದ ಮೇಲೆ ಹಿಂದಿನಿಂದ ದನಿ, ಬೇಜಾರ್ ಮಾಡ್ಕೋಬೇಡ ಪಿರಿ, ನಿನ್ನ ಒಳ್ಳೇದಕ್ಕೇ, ಅವಳು ಕೇಳಿಸದವಳ ಹಾಗೆ ರೇಡಿಯೋ ಜೋರು ಮಾಡಿದಳು, ಕುರಿಯ ಧಾರಣೆ ಹೇಳುತ್ತಿದ್ದರು, ಮನೆ ಮುಟ್ಟುವವರೆಗೆ ಕುರಿಯ ಧಾರಣೆ ಕೇಳಿದಳು. ಅಣ್ಣ ಮಂಗಳವಾರ ವಿಮಾನ ಹತ್ತಿದ, ಮುಂದಿನ ಸೋಮವಾರ ಗಂಜಿ ಬಟ್ಟಲು ಹಿಡಿದು ಒಳಗೆ ಹೋದರೆ ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು, ಮೈ ತಣ್ಣಗಾಗಿತ್ತು, ಆ ಆರು ದಿನ ಅವಳು ಅಮ್ಮನೊಡನೆ ಆಡಿದ್ದು ಮಾತ್ರೆ ನುಂಗು, ಕಾಲೆತ್ತು, ಆ ಕಡೆ ತಿರುಗು, ಇಷ್ಟೇ, ಮುನಿಸು ಇನ್ನೂ ಇತ್ತು, ಮುನಿಸಿಗೇನು ಹೊತ್ತಿದೆ ಎಂದುಕೊಂಡಿದ್ದಳು. ನೀನು ಬೇಡ ಎಂದದ್ದು ನಿನ್ನನ್ನು ದೂಡಲಿಕ್ಕಲ್ಲ, ನೀನು ಬದುಕಿರಲಿ ಎಂದು, ಸತ್ತವರ ನಡುವೆ ನಿನ್ನ ಮುಖ ಹೋಗಿ ಕೂರದಿರಲಿ ಎಂದು, ಇದು ನಿನ್ನೆ ದೊಡ್ಡಮ್ಮನ ಬಾಯಿಂದ ಆ ಮಾತು ಬಿದ್ದ ಗಳಿಗೆಯಲ್ಲಿ ಗೊತ್ತಾಯಿತು, ಅಳುವ ಹೆಂಗಸರ ನಡುವೆ ಅವಳೂ ಜೋರಾಗಿ ಅತ್ತಳು, ತಾಯಿ ಹೋದದ್ದಕ್ಕೆ ಎಂದು ಎಲ್ಲರೂ ಬೆನ್ನು ಸವರಿದರು, ಕುರಿಯ ಧಾರಣೆಗೆ ಎಂದು ಯಾರಿಗೆ ಹೇಳುವುದು. ಸರಿ, ಹೊತ್ತಾಯಿತು, ಇಪ್ಪತ್ತಮೂರನ್ನು ಎತ್ತಿ ಕೆಳಗಿಟ್ಟಳು, ಇಪ್ಪತ್ತನಾಲ್ಕು. ಬಂದಿದೆ. ಬಂದಿದೆ, ಅಮ್ಮ ಬಂದಿದ್ದಾಳೆ, ಕಣ್ಣು ನೇರ ಇತ್ತಲೇ, ಗದ್ದದ ಮಚ್ಚೆ, ಬಾಚಿದ ಕೂದಲು ಆ ಗಾಳಿಗೂ ಒಂದೆಳೆ ಎದ್ದಿಲ್ಲ, ಹಿಂದೆ ನೀರು, ಭುಜಗಳು ಖಾಲಿ, ಯಾರ ಕೈಯೂ ಇಲ್ಲ, ಅಬ್ಬ, ಭುಜಗಳು ಖಾಲಿ — ಹಸಿರು ಪದಕ ಎಲ್ಲಿ. ಪದಕ ಇರುವಲ್ಲಿ ಕಪ್ಪು. ಕೋಟಿನ ಕಪ್ಪಲ್ಲ, ಕೋಟಿಗಿಂತ ಕಪ್ಪು, ಬೆರಳಿನಲ್ಲಿ ಒರೆಸಿದಳು, ಹೋಗಲಿಲ್ಲ, ಫೋಟೋವನ್ನು ಓರೆ ಮಾಡಿದಳು, ಕೆಳಗೆ ಜಲ್ಲಿಯಿಂದ ಶುರುವಾಗಿ ಎರಡು ಉದ್ದನೆಯ ಕಾಲು, ಅಮ್ಮನ ಬೂಟು ಹತ್ತಿ, ಮಂಡಿ ಹತ್ತಿ, ಮಡಿಲಲ್ಲಿ ಕ್ಯಾಮೆರಾ ಎತ್ತಿಹಿಡಿದ ಎರಡು ಮೊಣಕೈ, ಮೇಲೆ ಎದೆಯ ಮೇಲೆ, ಗದ್ದಕ್ಕೆ ತಾಗುವಷ್ಟು ಹತ್ತಿರ, ಒಂದು ತಲೆ. ಲೊರೇನಳ ಬೂಟಿಗೆ ಸರಿದವಳು ಇಲ್ಲಿ ಸರಿಯಲಿಲ್ಲ. ಕತ್ತರಿ ಹಾಕಿದರೆ ಅಮ್ಮನ ಕುತ್ತಿಗೆಗೇ ಹಾಕಬೇಕು. ದೊಡ್ಡಮ್ಮ ಕನ್ನಡಕ ಏರಿಸುತ್ತಾಳೆ, ಇದು ಯಾರ್ದು. ಬರೀ ನೆರಳು ದೊಡ್ಡಮ್ಮ. ಯಾರ ನೆರಳು, ಹೇಳು. ಅಪ್ಪನ ಪಕ್ಕದ ಒಂದು ಮೊಳ ಜಾಗ, ಹನ್ನೊಂದಕ್ಕೆ ಗಿಸ್ಬರ್ನಿನ ಬಸ್ಸು, ಕೊಟ್ಟರೆ ತಾನು ಅಲ್ಲಿ ಕೂರುತ್ತಾಳೆ, ಕೊಡದಿದ್ದರೆ ಅಮ್ಮ ಎಲ್ಲೂ ಇಲ್ಲ, ಹಿಂದಿನ ಕಾರು ಹಾರ್ನ್ ಹೊಡೆಯಿತು, ಕೀಲಿ ತಿರುಗಿಸಬೇಕು, ಕೈ ಏಳುತ್ತಿಲ್ಲ, ಇಪ್ಪತ್ತನಾಲ್ಕರಲ್ಲಿ ಒಂದರಲ್ಲೂ ಇರದವಳು, ಸ್ವಲ್ಪ, ಬಹಳ ಅಲ್ಲ, ಸ್ವಲ್ಪ ವಾಲಿಸಿದ ತಲೆ, ಅಮ್ಮ ಅದನ್ನು ತಳ್ಳಿಲ್ಲ, ನೋಡಿಯೂ ಇಲ್ಲ, ನೇರ ಮುಂದೆ ನೋಡುತ್ತಿದ್ದಾಳೆ, ಅವಳ ಎದೆಯ ಮೇಲೆ ಪಿರಿಯ ತಲೆ, ಎದೆಯ ಮೇಲೆ ತಲೆ.